* ಅಂದ್ರೆ ಎಲ್ಲಾನಾ?

ಕೀಬೋರ್ಡಿನಲ್ಲಿ 8ರ ತಲೆಮೇಲೆ ಕೂತಿರೋ * ಚಿಹ್ನೆಗೆ ಎಲ್ಲ ಕಂಪ್ಯೂಟರಲ್ಲೂ ಒಂದೇ ಅರ್ಥ: ಏನಿದ್ರೂ ಸರಿ, ಎಲ್ಲಾ ತಗೋ. ಆದರೆ ಆ 'ಎಲ್ಲಾ'ದ ಪಟ್ಟಿ ಮಾಡೋರು ಯಾರು ಅನ್ನೋದು ಮಾತ್ರ ಬೇರೆ ಬೇರೆ.

ಕಲಬುರಗಿಯ ನೆಹರು ಗಂಜ್‌ನಲ್ಲಿ ನಮ್ಮ ಕಾಕಾ ಅವರದು ಅಡತಿ ದುಕಾನ. ಅಲ್ಲಿನ ಲೆಕ್ಕದಲ್ಲೇ ಹೇಳ್ತೀನಿ. 'ತೊಗರಿ ಚೀಲ ಎಲ್ಲಾ' ಅಂತ ಒಂದು ಚೀಟಿ ಬರೆದಿರಿ ಅನ್ನಿ. ಲಿನಕ್ಸ್‌ನಲ್ಲಿ ಮುನೀಮ ಅದನ್ನು ಓದಿ, ಒಂದೊಂದೇ ಚೀಲದ ನಂಬರು ಬರೆದು ಹಮಾಲನ ಕೈಗೆ ಕೊಡ್ತಾನೆ. ಮುನೀಮ ಅಂದ್ರೆ ಶೆಲ್. ಫೈಲ್ ಅಳಿಸೋ ಕಮಾಂಡಿಗೆ * ಕಾಣೋದೇ ಇಲ್ಲ, ಬರೀ ಹೆಸರುಗಳು. 1971ರ ಯುನಿಕ್ಸ್‌ನಲ್ಲಿ ಈ ಕೆಲಸಕ್ಕಂತಲೇ 'ಗ್ಲಾಬ್' ಅನ್ನೋ ಪ್ರೋಗ್ರಾಮ್ ಇತ್ತು. ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಚೀಟಿ ನೇರ ಹಮಾಲನಿಗೇ ಹೋಗುತ್ತೆ. ಅವನು ತನಗೆ ತಿಳಿದ ಹಾಗೆ ಓದ್ಕೋತಾನೆ.

ಕಳೆದ ಸಲ ಊರಿಗೆ ಹೋದಾಗ ಕಾಕಾ ಅಂದ್ರು, "ತಮ್ಮಾ, ಹಳೀ ಎಕ್ಸೆಲ್ ಫೈಲ್ ಎಲ್ಲಾ ತೆಗದ್ ಹಾಕಪಾ, ಕಂಪ್ಯೂಟರ್ ಭಾಳ ತುಂಬ್ಯಾದ." ಹಳೆಯವುಗಳ ಬಾಲ ಎಕ್ಸ್‌ಎಲ್‌ಎಸ್. ಎಕ್ಸೆಲ್ 2007ರಿಂದ ಬಂದದ್ದು ಎಕ್ಸ್‌ಎಲ್‌ಎಸ್‌ಎಕ್ಸ್. ಈ ವರ್ಷದ ರೈತರ ಬಾಕಿ ಲೆಕ್ಕವೆಲ್ಲ ಅದರಲ್ಲೇ. ಅಳಿಸೋ ಮೊದಲು, ನನ್ನ ಎಂದಿನ ಚಾಳಿಯಂತೆ, ಅದೇ *.ಎಕ್ಸ್‌ಎಲ್‌ಎಸ್ ಅನ್ನು 'ಡಿರ್' ಕಮಾಂಡಿಗೆ ಕೊಟ್ಟು ಪಟ್ಟಿ ನೋಡಿದೆ. ಹೊಸ ಫೈಲುಗಳೂ ಸಾಲಾಗಿ ಬಂದು ನಿಂತಿವೆ!

ಕಾರಣ, ಡಾಸ್ ಕಾಲದ ಮೋಟು ಹೆಸರು. ಆಗ ಹೆಸರಿಗೆ 8 ಅಕ್ಷರ, ಬಾಲಕ್ಕೆ 3. ಉದ್ದ ಹೆಸರಿನ ಫೈಲಿಗೂ ವಿಂಡೋಸ್ ಅಂಥದ್ದೊಂದು ಮೋಟು ಹೆಸರು ಇಟ್ಟಿರುತ್ತೆ, ಹುಡುಕುವಾಗ ಎರಡನ್ನೂ ನೋಡುತ್ತೆ. ಮೋಟು ಹೆಸರಲ್ಲಿ ಕೊನೆಯ ಎಕ್ಸ್ ಉದುರಿಹೋಗಿರುತ್ತೆ. 'ಡೆಲ್' ಒತ್ತಿದ್ದರೆ ರೈತರ ಲೆಕ್ಕ ರಿಸೈಕಲ್ ಬಿನ್ನಿಗೂ ಬರದೆ ಹೋಗ್ತಿತ್ತು. ಹೊಸವನ್ನೆಲ್ಲ ಬೇರೆ ಫೋಲ್ಡರಿಗೆ ಸಾಗಿಸಿ, ಆಮೇಲೆ ಅಳಿಸಿದೆ.

ಲಿನಕ್ಸ್‌ನಲ್ಲಿ ಈ ಕಾಟ ಇಲ್ಲ, ಬೇರೆ ಇದೆ. ಅಲ್ಲಿ *.* ಅಂದ್ರೆ ಹೆಸರಲ್ಲಿ ಚುಕ್ಕಿ ಇರಲೇಬೇಕು. ವಿಂಡೋಸ್‌ನಲ್ಲಿ ಚುಕ್ಕಿ ಇಲ್ಲದವೂ ಬರುತ್ತವೆ.

ಇನ್ನು ? ಚಿಹ್ನೆ. ಒಂದು ಅಕ್ಷರಕ್ಕೆ ಒಂದು ಅಂತಾರೆ. ಆದರೆ ಯಾರ ಲೆಕ್ಕದ ಅಕ್ಷರ? 'ತೊಗರಿ' ನಮಗೆ ಮೂರಕ್ಷರ. ಕಂಪ್ಯೂಟರಿಗೆ ತ, ಒತ್ವ, ಗ, ರ, ಗುಡಿಸು ಸೇರಿ ಐದು. ಹಳೆ ಮ್ಯಾಕ್‌ಗಳ ಫೈಲ್ ಸಿಸ್ಟಮ್ ಒತ್ವವನ್ನೂ ಎರಡು ತುಂಡು ಮಾಡಿ ಇಡ್ತಿತ್ತು, ಅಲ್ಲಿಗೆ ಆರು. ಮೂರು ? ಹಾಕಿ ಹುಡುಕಿದರೆ ತೊಗರಿ ಎಲ್ಲೂ ಸಿಗಲ್ಲ.