ಭಾಯಿಜಾನ್ ಬೈಕು, ನನ್ನ ಲೆಕ್ಕದ ಪುಸ್ತಕ

ನವೆಂಬರ್‌ನಲ್ಲಿ ಭಾಯಿಜಾನ್ ಸೆಕೆಂಡ್ ಹ್ಯಾಂಡ್ ಯಮಹಾ ಆರ್15 ತಂದರು. 2014ರ ಮಾಡೆಲ್, 38,000 ರೂಪಾಯಿ. ಎರಡು ವರ್ಷ ಕೂಡಿಟ್ಟ ಹಣ. ಅಮ್ಮಿ ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಆಟೊ ಓಡಿಸುವ ಅಬ್ಬಾ ಮಾತ್ರ ಬೈಕಿನ ಸುತ್ತ ಒಂದು ಸುತ್ತು ಹಾಕಿ, ಹಿಂದಿನ ಟೈರಿಗೆ ಉಗುರು ಒತ್ತಿ, "ಪತ್ಥರ್ ಹೋ ಗಯಾ" ಎಂದರು. ನಿಜ, ಕಲ್ಲಾಗಿತ್ತು. ಟೈರಿನ ಪಕ್ಕದಲ್ಲಿ 2314 ಎಂದಿತ್ತು. ಅಂದರೆ 2014ರ 23ನೇ ವಾರ ತಯಾರಾದದ್ದು. ಹೊಸದಾಗಿ ಪಾಲಿಶ್ ಮಾಡಿ ಮಾರಿದವರು ಅದನ್ನು ಹೇಳಿರಲಿಲ್ಲ.

ಭಾಯಿಜಾನ್‌ಗೆ ಮೊದಲು ಬಣ್ಣ, ಜೋರು ಸದ್ದಿನ ಸೈಲೆನ್ಸರ್ ಬೇಕಿತ್ತು. ಖರ್ಚು ಬರೆಯುವವನು ನಾನು, ಹಾಗಾಗಿ ಜಗಳವೂ ನನ್ನ ಜೊತೆಗೇ. ಕೊನೆಗೆ ಎರಡು ಟೈರಿಗೆ 6,000, ಚೈನ್ ಸ್ಪ್ರಾಕೆಟ್‌ಗೆ 2,400, ಸೋರುತ್ತಿದ್ದ ಫೋರ್ಕ್ ಆಯಿಲ್ ಸೀಲ್‌ಗೆ 1,100, ಬ್ರೇಕ್ ಪ್ಯಾಡ್ ಮತ್ತು ಬ್ರೇಕ್ ಆಯಿಲ್‌ಗೆ 900. ಡಿಸೆಂಬರ್ ಚಳಿಯಲ್ಲಿ ಫಜರ್ ನಮಾಜ್ ಮುಗಿಸಿ ಬಂದು ಸ್ಪ್ಯಾನರ್ ಹಿಡಿದರೆ ಬೆರಳು ಮರಗಟ್ಟುತ್ತಿತ್ತು. ಹಳೆಯ ಸ್ಪ್ರಾಕೆಟ್‌ನ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದವು. ಅದನ್ನು ಇನ್ನೂ ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಹಳೆಯ ಯಂತ್ರವನ್ನು ಬಳಕೆಗೆ ತರುವ ಮೊದಲು ಮಾಡಿಸಿದ ರಿಪೇರಿ ಬಂಡವಾಳ ವೆಚ್ಚ ಎಂದು ಅಕೌಂಟೆನ್ಸಿಯಲ್ಲಿ ಓದಿದ್ದೇವಲ್ಲ. ಹಾಗಾಗಿ ಬೈಕಿನ ಬೆಲೆ 48,400 ಎಂದು ಬರೆದೆ. "ಅಮ್ಮಿಗೆ 38 ಸಾವಿರ ಅಂತಲೇ ಹೇಳು" ಎಂದರು ಭಾಯಿಜಾನ್. ನನಗೆ ಆಗಲಿಲ್ಲ, ಪುಸ್ತಕವನ್ನೇ ಅಮ್ಮಿಯ ಮುಂದಿಟ್ಟೆ. ಬೈಗುಳಕ್ಕೆ ಕಾಯುತ್ತಾ ನಿಂತೆ. ಅಮ್ಮಿ ಒಂದೊಂದೇ ಸಾಲು ಓದಿಸಿಕೊಂಡು, 900ರ ಹತ್ತಿರ ತಡೆದು ಕೇಳಿದರು: "ಬ್ರೇಕಿಗೆ ಇಷ್ಟೇನಾ?"

ನನಗೆ ಹದಿನೆಂಟಾಗಲು ಇನ್ನೂ ಏಳು ತಿಂಗಳಿದೆ. ಅಲ್ಲಿಯವರೆಗೆ ಹೆಲ್ಮೆಟ್ ಹಾಕಿಕೊಂಡು ಹಿಂದಿನ ಸೀಟು.