ಸಣ್ಣ ಬೈಠಕು

ಸಾವಿರ ಜನರ ಸಭೆಯಲ್ಲಿ ಹಾಡುವದು ಕಠಿನವೋ, ಇಪ್ಪತ್ತು ಜನರ ಮುಂದೆ ಹಾಡುವದು ಕಠಿನವೋ ಎಂದು ಕೇಳಿದರೆ, ಸಂಗೀತವನ್ನು ಹೊರಗಿನಿಂದ ಬಲ್ಲವರು ಮೊದಲನೆಯದೇ ಕಠಿನವೆನ್ನುವರು. ಅನುಭವಸ್ಥನಾದ ಗವಾಯಿಯು ಹಾಗೆನ್ನಲಾರನು. ದೊಡ್ಡ ಸಭೆಯಲ್ಲಿ ಬೆಳಕೆಲ್ಲ ವೇದಿಕೆಯ ಮೇಲಿರುವದರಿಂದ ಹಾಡುವವನಿಗೆ ಎದುರಿನವರ ಮುಖಗಳು ಕಾಣಿಸುವದಿಲ್ಲ. ಸಣ್ಣ ಬೈಠಕಿನಲ್ಲಾದರೋ ಒಂದೊಂದು ಮುಖವೂ ಕಾಣಿಸುತ್ತದೆ. ಅವುಗಳಲ್ಲಿ ಒಂದು ಬಾಡಿದರೂ ಅದು ತನ್ನ ಹಾಡಿಗೆ ಬಂದ ಉತ್ತರವೆಂದು ಅವನಿಗೆ ತೋರುತ್ತದೆ.

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯು ಹಿಂದುಸ್ತಾನಿ ಸಂಗೀತದ ಹಾದಿಯಲ್ಲಿಯೇ ಇದೆ. ಧಾರವಾಡದ ಕಡೆಯಿಂದ ಹೊರಟ ರೈಲು ರಾಯಬಾಗ, ಚಿಂಚಲಿ, ಕುಡಚಿಗಳನ್ನು ಹಾಯ್ದು, ಕೃಷ್ಣೆಯನ್ನು ದಾಟಿ, ಉಗಾರ ಶೇಡಬಾಳಗಳ ಮೇಲಿನಿಂದ ಮಿರಜನ್ನು ಸೇರುತ್ತದೆ. ಕೊಲ್ಲಾಪುರದ ಸಡಕು ನಿಪ್ಪಾಣಿಯನ್ನು ಹಾಯ್ದು ಹೋಗುತ್ತದೆ. ಮಿರಜಿನಲ್ಲಿ ಅಬ್ದುಲ್ ಕರೀಮಖಾನರು ನೆಲೆಸಿದ್ದರು. ಕೊಲ್ಲಾಪುರದಲ್ಲಿ ಅಲ್ಲಾದಿಯಾಖಾನರು ಆಸ್ಥಾನದ ಗಾಯಕರಾಗಿದ್ದರು. ತಂಬೂರಿ ಸಿತಾರುಗಳನ್ನು ಮಾಡುವ ಮನೆತನಗಳು ಮಿರಜಿನಲ್ಲಿ ಇಂದಿಗೂ ಇವೆ.

ಈ ಎರಡು ಊರುಗಳ ವಿದ್ಯೆಯೂ ಕೂಡಿ ಬಂದದ್ದು ಮಲ್ಲಿಕಾರ್ಜುನ ಮನ್ಸೂರರಲ್ಲಿ. 1910ರಲ್ಲಿ ಧಾರವಾಡದ ಬಳಿಯ ಮನ್ಸೂರಿನಲ್ಲಿ ಹುಟ್ಟಿ, ಎಳೆವಯಸ್ಸಿನಲ್ಲಿ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಅವರು, ಮಿರಜಿನ ನೀಲಕಂಠಬುವಾ ಅವರಿಂದ ಗ್ವಾಲ್ಹೇರ ಪದ್ಧತಿಯನ್ನು ಕಲಿತರು. ಮುಂದೆ ಅಲ್ಲಾದಿಯಾಖಾನರ ಮಗ ಮಂಜೀಖಾನರ ಶಿಷ್ಯರಾದರು. 1937ರಲ್ಲಿ ಮಂಜೀಖಾನರು ಅಕಾಲದಲ್ಲಿ ತೀರಿಕೊಳ್ಳಲು, ಅವರ ತಮ್ಮ ಭೂರ್ಜಿಖಾನರಿಂದ ಶಿಕ್ಷಣವನ್ನು ಮುಂದುವರಿಸಿದರು. ಆ ಮನೆತನದ ವಿದ್ಯೆಯೆಂದರೆ ಅಪರೂಪದ ರಾಗಗಳು, ಜೋಡುರಾಗಗಳು, ಎಲ್ಲಿ ಮುರಿದು ಎಲ್ಲಿ ತಿರುಗುವದೆಂದು ಮೊದಲೇ ಹೇಳಲಾಗದ ತಾನಗಳು. ಬಲ್ಲವರು ಅವರನ್ನು ಗವಾಯಿಗಳ ಗವಾಯಿ ಎಂದು ಕರೆದರು. ಆ ಮಾತಿನಲ್ಲಿ ಗೌರವವಿದ್ದಂತೆ ಒಂದು ವ್ಯಥೆಯೂ ಇದೆ; ಏಕೆಂದರೆ ಬಲ್ಲವರು ಎಲ್ಲಿಯೂ ಕೆಲವರೇ. 1970ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಅರವತ್ತು ಸಮೀಪಿಸಿತ್ತು.

ಇಂತಹ ವಿದ್ಯೆಯುಳ್ಳ ಗವಾಯಿಯೊಬ್ಬನು ಅಥಣಿಯದೋ ನಿಪ್ಪಾಣಿಯದೋ ಒಂದು ಮನೆಯ ಪಡಸಾಲೆಯಲ್ಲಿ ಹಾಡಲು ಕೂಡ್ರುವದನ್ನು ವಾಚಕರು ಕಣ್ಣೆದುರಿಗೆ ತಂದುಕೊಳ್ಳಬೇಕು. ಜಮಖಾನದ ಮೇಲೆ ಮನೆಯ ಹಿರಿಯರು, ಶಾಲೆಯ ಮಾಸ್ತರರು, ಪೇಟೆಯ ಒಬ್ಬಿಬ್ಬರು ವ್ಯಾಪಾರಸ್ಥರು. ಒಳಬಾಗಿಲಿನ ಬಳಿ ಹೆಣ್ಣುಮಕ್ಕಳು. ಕೆಲವರ ಮನೆಮಾತು ಕನ್ನಡ, ಕೆಲವರದು ಮರಾಠಿ. ಹಾಡಲಿರುವ ಚೀಜಿನ ವ್ರಜಭಾಷೆಯು ಯಾರದೂ ಅಲ್ಲ. ಆದುದರಿಂದ ಮಾತಿನ ಬಲವನ್ನು ನೆಚ್ಚುವಂತಿಲ್ಲ, ಸ್ವರವೊಂದೇ ಗತಿ. ಜನ ಕೂಡಿದಂತೆ ಕೋಣೆಯು ಬೆಚ್ಚಗಾಗಿ ತಂಬೂರಿಯ ತಂತಿ ಇಳಿಯುತ್ತದೆ. ಕುದುರೆಯ ಆಚೆಗಿನ ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತ, ಅವನು ಮತ್ತೆ ಮತ್ತೆ ಷಡ್ಜವನ್ನು ಹುಡುಕುತ್ತಾನೆ. ನೋಡುವವರಿಗೆ ಇದು ವಿಲಂಬವೆಂದು ತೋರಬಹುದು. ಅವನಿಗೆ ಅದು ಅಂಜಿಕೆಯ ಹೊತ್ತು. ಧ್ವನಿವರ್ಧಕವಿಲ್ಲದಲ್ಲಿ ಉಸಿರು ಎಳೆದದ್ದೂ ಕೇಳಿಸುವದು, ವಯಸ್ಸಾದ ಗಂಟಲು ಒಂದು ಕ್ಷಣ ಒಡೆದದ್ದೂ ಕೇಳಿಸುವದು.

ಅವನು ಸಂಪೂರ್ಣ ಮಾಲಕಂಸವನ್ನು ಎತ್ತಿಕೊಂಡನೆಂದು ತಿಳಿಯೋಣ. ಮನ್ಸೂರರು ಹಾಡುತ್ತಿದ್ದ ರಾಗಗಳಲ್ಲಿ ಅದೂ ಒಂದು. ಎಲ್ಲರೂ ಬಲ್ಲ ಮಾಲಕಂಸದಲ್ಲಿ ಐದೇ ಸ್ವರಗಳು. ರಿಷಭ ಪಂಚಮಗಳಿಗೆ ಅಲ್ಲಿ ಪ್ರವೇಶವಿಲ್ಲ. ಸಂಪೂರ್ಣದಲ್ಲಿ ಆ ಎರಡೂ ಬರುತ್ತವೆ. ಮುಂದೆ ಕುಳಿತ ಮಾಸ್ತರರು ಮಾಲಕಂಸವನ್ನು ಬಲ್ಲವರು. ಮೊದಲನೆಯ ಸಲ ರಿಷಭವು ಬಂದೊಡನೆ ಅವರ ಹುಬ್ಬು ಗಂಟಿಕ್ಕುತ್ತದೆ: ಇಷ್ಟು ದೊಡ್ಡ ಗವಾಯಿ ತಪ್ಪಿದನೇ? ಗವಾಯಿಯು ಆ ಹುಬ್ಬನ್ನು ನೋಡುತ್ತಾನೆ. ಇಲ್ಲಿಯೇ ಅವನ ನಿಜವಾದ ಪರೀಕ್ಷೆ. ಎಲ್ಲರೂ ಬಲ್ಲ ನಾಟ್ಯಗೀತವೊಂದನ್ನು ತೆಗೆದರೆ ಮುಖಗಳೆಲ್ಲ ಅರಳುವವು. ಯಜಮಾನರೂ ಸಂತೋಷಪಡುವರು, ಮುಂದಿನ ಆಮಂತ್ರಣವೂ ಬರುವದು. ಹಾಗೆ ಮಾಡುವವರನ್ನು ಹಳಿಯುವ ಕಾರಣವಿಲ್ಲ. ಸಂಸಾರವು ಗವಾಯಿಗೂ ಉಂಟು. ಆದರೆ ಈ ರಾಗವನ್ನು ಗುರುವು ವರ್ಷಗಟ್ಟಲೆ ತಿದ್ದಿ ಅವನ ಕೊರಳಲ್ಲಿ ಇಟ್ಟದ್ದಾಗಿದೆ. ಅವನು ಹಾಡದಿದ್ದರೆ ಆ ಊರಿನಲ್ಲಿ ಅದನ್ನು ಹಾಡುವವರಾರು?

ಅವನು ಅವಸರಪಡದೆ ಅದೇ ದಾರಿಯಿಂದ ಮತ್ತೆ ಬರುತ್ತಾನೆ. ಎರಡನೆಯ ಸಲ ರಿಷಭವು ಅದೇ ಎಡೆಯಲ್ಲಿ, ಅದೇ ಬಾಗಿನಿಂದ ಬರಲು, ಹುಬ್ಬು ಸಡಿಲಾಗುತ್ತದೆ. ಮೂರನೆಯ ಸಲ ಹದಿನಾರು ಮಾತ್ರೆಗಳ ತಾಳವು ಸುತ್ತಿ ಸಮಕ್ಕೆ ಬರುವಾಗ ಮಾಸ್ತರರ ಕೈ ತಾನಾಗಿ ಮೊಣಕಾಲಿನ ಮೇಲೆ ಬೀಳುತ್ತದೆ, ಬಾಯಲ್ಲಿ ಮಾತಿಲ್ಲ. ಅಷ್ಟು ಸಾಕು. ರಾಗವು ಇನ್ನೊಬ್ಬನ ಕಿವಿಯಲ್ಲಿ ನೆಲೆಯಾಯಿತೆಂದು ಹಾಡುವವನಿಗೆ ತಿಳಿಯುತ್ತದೆ. ದೊಡ್ಡ ಸಭೆಯ ಚಪ್ಪಾಳೆಯು ಈ ಒಂದು ಸುದ್ದಿಯನ್ನು ಅವನಿಗೆ ಮುಟ್ಟಿಸಲಾರದು. ಅದು ಯಾವ ಸ್ವರಕ್ಕೆ ಬಂದಿತೆಂದು ಅವನು ಹೇಗೆ ಅರಿಯಬೇಕು?

ಮನ್ಸೂರರಿಗೆ 1976ರಲ್ಲಿ ಪದ್ಮಭೂಷಣವೂ, 1992ರಲ್ಲಿ ಪದ್ಮವಿಭೂಷಣವೂ ದೊರೆತವು. ಅದೇ ವರ್ಷದ ಸಪ್ಟಂಬರದಲ್ಲಿ ಅವರು ತೀರಿಕೊಂಡರು. ಕೀರ್ತಿಯು ತಡವಾಗಿ ಬಂತೆಂದು ಮರುಗುವವರು ಇನ್ನೊಂದು ಮಾತನ್ನೂ ನೆನೆಯಬೇಕು: ಅದು ಬರುವವರೆಗೆ ಅಂತಹ ವಿದ್ಯೆಯನ್ನು ಬದುಕಿಸಿದವರು ಬಿರುದು ಕೊಡಬಲ್ಲವರಲ್ಲ, ಗಮನವಿಟ್ಟು ಕೇಳಬಲ್ಲ ಕೆಲವರು. ಮಿರಜಿನ ಮೀರಾಸಾಹೇಬ ದರ್ಗೆಯ ಉರುಸಿನಲ್ಲಿ ಕರೀಮಖಾನರ ಸ್ಮರಣೆಗಾಗಿ ಗಾಯಕರು ಸೇವೆಯೆಂದು ಹಾಡುವ ಪದ್ಧತಿಯ ಹಿಂದೆಯೂ ಇದೇ ಭಾವವಿದೆ.

ಇಂದು ಬೇಕೆಂದಾಗ ಯಾವ ರಾಗವನ್ನಾದರೂ ಯಂತ್ರದಿಂದ ಕೇಳಬಹುದು. ಇದು ದೊಡ್ಡ ಉಪಕಾರವೇ ಸರಿ. ಆದರೆ ಯಂತ್ರವು ಕೇಳುವವನ ಹುಬ್ಬನ್ನು ನೋಡಲಾರದು. ಅವನಿಗಾಗಿ ಆ ರಿಷಭವನ್ನು ಮೂರನೆಯ ಸಲ ಹಾಡಲಾರದು. ಜಮಖಾನ ಹಾಸಬಲ್ಲ ಪಡಸಾಲೆಗಳು ಚಿಕ್ಕೋಡಿಯಲ್ಲಿಯೂ ಕಾಗವಾಡದಲ್ಲಿಯೂ ಇನ್ನೂ ಉಳಿದಿವೆ. ಹತ್ತು ಜನ ಕೂಡಿದರೂ ಸಾಕು. ಅವರಲ್ಲಿ ಒಬ್ಬನು ಗಮನವಿಟ್ಟು ಕೇಳಿದರೆ, ಹಾಡುವವನು ಆ ಊರಿಗೆ ಬಂದದ್ದು ಸಾರ್ಥಕ.