ಖಾಲಿ ಐತಿ ಅನಬ್ಯಾಡ, ತೋರಸು

ಅನಂತಪುರದಲ್ಲಿ ಹವಾಲ್ದಾರ ಕಾಕಾ ಅಂದರೆ ಸಾಕು, ಸಣ್ಣ ಹುಡುಗರೂ ಮನೆ ತೋರಿಸುತ್ತಾರೆ. ಬಂದೂಕಿನ ಕೆಲಸ ಹಿಡಿದು ಅವರ ಕಟ್ಟೆ ಹತ್ತಿದವರಿಗೆ ಮೊದಲು ಚಹಾ, ಆಮೇಲೆ ಬೈಗುಳ. ಕೆಲ ತಿಂಗಳ ಹಿಂದೆ ಓಣಿಯ ಹುಡುಗನೊಬ್ಬ, ಅಪ್ಪನ ನಂತರ ತನ್ನ ಪಾಲಿಗೆ ಬಂದ ಜೋಡುನಳಿಗೆ ಬಂದೂಕನ್ನು ಹೆಗಲಿಗೇರಿಸಿಕೊಂಡು ಬಂದ. ಸೆಕ್ಯುರಿಟಿ ಏಜೆನ್ಸಿಯೊಂದು ಅವನನ್ನು ಗನ್‌ಮ್ಯಾನ್ ಕೆಲಸಕ್ಕೆ ಕರೆದಿತ್ತು. ಬಂದೂಕನ್ನು ಕಟ್ಟೆಗೆ ಒರಗಿಸುತ್ತ, ‘ಖಾಲಿ ಐತ್ರಿ ಕಾಕಾ’ ಅಂದ.

‘ಖಾಲಿ ಐತಿ ಅನಬ್ಯಾಡ, ತೋರಸು.’

ಹುಡುಗ ಲಿವರನ್ನು ಬಲಕ್ಕೆ ಒತ್ತಿ ಬಂದೂಕು ಮುರಿದು, ಅಂದರೆ ನಳಿಗೆ ಬಗ್ಗಿಸಿ ಹಿಂಬದಿ ತೆರೆದು ತೋರಿಸಿದ. ಖಾಲಿಯೇ ಇತ್ತು. ಬೈಗುಳ ಮಾತ್ರ ತಪ್ಪಲಿಲ್ಲ. ಮುರಿಯುವ ಹೊತ್ತಿಗೆ ನಳಿಗೆಯ ಬಾಯಿ, ಪಡಸಾಲೆಯಲ್ಲಿ ಜ್ವಾಳ ಹಸನ ಮಾಡುತ್ತ ಕೂತಿದ್ದ ಕಾಕಾನ ಹೆಂಡತಿಯ ಕಡೆ ತಿರುಗಿತ್ತು.

ಅಥಣಿ ಸೀಮೆಯ ಈ ಊರಿನಿಂದ ಮಹಾರಾಷ್ಟ್ರದ ಜತ್ತ ತಾಲೂಕು ದೂರವಿಲ್ಲ. ದ್ರಾಕ್ಷಿ ಪಡ, ಮಳೆಯ ದಾರಿ ಕಾಯುವ ಹೊಲ, ಮನೆಮಾತು ಕನ್ನಡ, ಸಂತೆಯಲ್ಲಿ ಅರ್ಧ ಮರಾಠಿ. ಬಂದೂಕು ಇಲ್ಲಿಗೆ ಹೊಸದಲ್ಲ. ಕಾಕಾ ಸಣ್ಣವರಿದ್ದಾಗ ವಾಡೆಯ ಗೋಡೆಗೆ ಮದ್ದು ಗಿಡಿಯುವ ಹಳೆಯ ಬಂದೂಕು ತೂಗುತ್ತಿತ್ತು. ಅದನ್ನು ಮುರಿದು ನೋಡುವ ಹಾಗಿಲ್ಲ, ನಳಿಗೆಯ ಹಿಂಬದಿ ಮುಚ್ಚಿರುತ್ತದೆ. ಒಳಗೆ ಮದ್ದು ಇದೆಯೋ ಇಲ್ಲವೋ ತಿಳಿಯಲು ಒಂದೇ ದಾರಿ: ಗಜದ ಕಡ್ಡಿಯನ್ನು ಬಾಯಿಂದ ಇಳಿಬಿಟ್ಟು ಎಷ್ಟು ಹೊರಗುಳಿಯಿತು ಎಂದು ನೋಡುವುದು. ವಾಡೆಯ ಆಳು ಆ ಕಡ್ಡಿಗೆ ಚಾಕುವಿನಿಂದ ಗೆರೆ ಕೊರೆದಿದ್ದ. ಗೆರೆ ಹೊರಗಿದ್ದರೆ ತುಂಬಿದೆ, ಒಳಗೆ ಹೋದರೆ ಖಾಲಿ. ಕಾಕಾ ಕಂಡ ಮೊದಲ ಸುರಕ್ಷತಾ ಪಾಠ ಅದೇ ಗೆರೆ.

ಲೈಸೆನ್ಸು ಎನ್ನುವ ಮಾತಿಗೆ ಈ ಸೀಮೆಯಲ್ಲಿ ಬೇರೆಯದೇ ರುಚಿ ಉಂಟು. ಮುಧೋಳದ ಹತ್ತಿರದ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲಾರೆವೆಂದು ಇಂಗ್ಲಿಷರಿಗೆ ತಿರುಗಿಬಿದ್ದರು. ಊರು ಸುಟ್ಟಿತು, ಹಲವರು ಗಲ್ಲಿಗೇರಿದರು. ಆ ಲಾವಣಿ ಕೇಳುತ್ತ ಬೆಳೆದವರ ಬಾಯಲ್ಲಿ ‘ಬಂದೂಕಿನ ಕಾಗದ’ ಅಂದರೆ ಕಾಯ್ದೆಗಿಂತ ಹೆಚ್ಚಾಗಿ ಸರ್ಕಾರದ ಗುಮಾನಿ. ಈಗಿನ ಆಯುಧ ಕಾಯ್ದೆ 1959ರದು. ಯಾರ ಬಳಿ ಏನಿದೆ ಎಂದು ಕೇಳುವುದನ್ನೇ ಅದು ಬಹುಕಾಲ ಮುಖ್ಯ ಮಾಡಿಕೊಂಡಿತ್ತು. ಹಿಡಿದವನಿಗೆ ಹಿಡಿಯಲು ಬರುತ್ತದೆಯೇ ಎಂಬ ಪ್ರಶ್ನೆ ತಡವಾಗಿ ಬಂತು.

ಕಾಕಾ ಕಲಿತದ್ದು ಬೆಳಗಾವಿಯಲ್ಲಿ. ಮರಾಠಾ ಲಘು ಪದಾತಿ ದಳದ ಕೇಂದ್ರ 1922ರಿಂದ ಅಲ್ಲಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಕಡೆಯ ಹುಡುಗರಿಗೆ ‘ಭರತಿ’ ಅಂದರೆ ಅದೇ ಮೈದಾನ. ಕಾಕಾ ಭರತಿಯಾದದ್ದು 1977ರಲ್ಲಿ. ಗುಂಡು ಹೊಡೆದದ್ದಕ್ಕಿಂತ ಗುಂಡು ತೆಗೆದದ್ದೇ ಅವರಿಗೆ ಹೆಚ್ಚು ನೆನಪು. ರೇಂಜಿಗೆ ಹೋಗುವ ಮುಂಚೆ ‘ಜಾಂಚ್ ಶಸ್ತ್ರ’, ಹೊಡೆದಾದ ಮೇಲೆ ‘ಖಾಲಿ ಕರ್’, ಕೋತ್‌ಗೆ ರೈಫಲು ಒಪ್ಪಿಸುವಾಗ ಮತ್ತೊಮ್ಮೆ. ಕೋತ್ ಎಂದರೆ ಪಲ್ಟನ್ನಿನ ಆಯುಧದ ಕೋಣೆ. ದಿನಕ್ಕೆ ಹತ್ತು ಸಲ ಖಾಲಿ ಮಾಡಿದ ಕೈಗೆ ಹನ್ನೊಂದನೆಯ ಸಲ ತಲೆಯ ಅಪ್ಪಣೆ ಬೇಕಾಗುವುದಿಲ್ಲ. ಉಸ್ತಾದರು ಹೇಳಿಕೊಟ್ಟದ್ದು ಇಷ್ಟೇ: ಎಲ್ಲ ಬಂದೂಕೂ ತುಂಬಿದೆ ಎಂದೇ ತಿಳಿ, ಬಾಯಿಯನ್ನು ಹೊಡೆಯಬೇಕಾದಲ್ಲಿ ಬಿಟ್ಟು ಬೇರೆಲ್ಲೂ ತಿರುಗಿಸಬೇಡ, ಗುರಿ ಹಿಡಿಯುವ ತನಕ ಬೆರಳು ಕುದುರೆಯ, ಅಂದರೆ ಟ್ರಿಗರಿನ, ಹೊರಗಿರಲಿ.

ಹದಿನೇಳು ವರ್ಷದ ಮೇಲೆ ಪಿಂಚಣಿ ತೆಗೆದುಕೊಂಡು ಊರಿಗೆ ಬಂದವರಿಗೆ 1995ರಲ್ಲಿ ಅಥಣಿ ಭಾಗದ ಬ್ಯಾಂಕೊಂದರಲ್ಲಿ ಗಾರ್ಡ್ ಕೆಲಸ ಸಿಕ್ಕಿತು. ಆಗ ಬ್ಯಾಂಕಿನ ಬಾಗಿಲಿಗೆ ಬಂದೂಕು ಹಿಡಿದು ನಿಂತವನು ಮಾಜಿ ಸೈನಿಕನೇ ಆಗಿರುತ್ತಿದ್ದ. ಹೋದ ದಿನ ಹಳೆಯ ಗಾರ್ಡು ಒಪ್ಪಿಸಿದ್ದು ಒಂದು ಹನ್ನೆರಡು ಬೋರಿನ ಜೋಡುನಳಿಗೆ, ಕಾಡತೂಸು ಸಿಕ್ಕಿಸಿದ ಬೆಲ್ಟು, ಒಂದು ರಜಿಸ್ಟರು. ಕಲಿಸಿದವರು ಯಾರೂ ಇಲ್ಲ. ಮಿಲಿಟರಿಯವನಿಗೆ ಬಂದೂಕು ಗೊತ್ತಿರದೇ ಇರುತ್ತದೆಯೇ?

ಕಾಕಾನಿಗೆ ಗೊತ್ತಿದ್ದದ್ದು ಮ್ಯಾಗಜೀನು, ಬೋಲ್ಟಿನ ರೈಫಲು. ಹನ್ನೆರಡು ಬೋರು ಬೇರೆ ಜಾತಿ. ಹೆಬ್ಬೆರಳಿನ ಕೆಳಗೆ ಜಾರುವ ಸೇಫ್ಟಿ ಎಷ್ಟೋ ಬಂದೂಕುಗಳಲ್ಲಿ ಕುದುರೆಯನ್ನಷ್ಟೇ ಕಟ್ಟಿಹಾಕುತ್ತದೆ. ಒಳಗೆ ಸುತ್ತಿಗೆ ಎದ್ದೇ ಇರುತ್ತದೆ, ಅದನ್ನು ತಡೆದಿರುವುದು ಉಕ್ಕಿನ ಒಂದು ಸಣ್ಣ ಹಲ್ಲು. ಹಲ್ಲು ಸವೆದ ಹಳೆಯ ಬಂದೂಕು ಬಿದ್ದರೆ, ಸೇಫ್ಟಿ ಹಾಕಿದ್ದರೂ ಹಾರಬಹುದು. ಇದನ್ನು ಅವರು ಪುಸ್ತಕದಲ್ಲಿ ಓದಲಿಲ್ಲ. ಬೇರೊಂದು ಶಾಖೆಯ ಗಾರ್ಡು ಊಟಕ್ಕೆ ಕೂಡುವ ಮುಂಚೆ ಗೋಡೆಗೆ ಒರಗಿಸಿಟ್ಟ ಬಂದೂಕು ಜಾರಿ ಬಿತ್ತು, ಹಾರಿತು, ಮಾಳಿಗೆಯ ಗಿಲಾವು ಉದುರಿ ಪಾಸ್‌ಬುಕ್ಕಿನ ಮೇಲೆಲ್ಲ ಸುಣ್ಣ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮ್ಯಾನೇಜರ ಸಾಹೇಬರ ಮೊದಲ ಮಾತು, ‘ಈ ಒಂದ ಕಾಡತೂಸಿನ ಲೆಕ್ಕಾ ರಜಿಸ್ಟರ್‌ನ್ಯಾಗ ಹ್ಯಾಂಗ ಬರೀಲಿ?’

ಅಂದಿನಿಂದ ಕಾಕಾ ಮಾಡಿಕೊಂಡ ಪದ್ಧತಿ: ಬಂದೂಕು ಕೈಬಿಡುವುದಾದರೆ ಮುರಿದೇ ಇಡುವುದು. ಮುರಿದ ಬಂದೂಕು ಹಾರುವುದಿಲ್ಲ. ಅದು ದೂರದಿಂದಲೇ ಎಲ್ಲರಿಗೂ ಕಾಣುತ್ತದೆ. ವರ್ಷದಲ್ಲಿ ಯಾವಾಗಲಾದರೂ ಒಮ್ಮೆ ಬೆಳಗಾವಿಯ ಪೊಲೀಸ್ ರೇಂಜಿಗೆ ಕರೆ ಬಂದರೆ ಬಂತು, ಬೆರಳೆಣಿಕೆಯ ಗುಂಡು ಹೊಡೆದು, ಸಹಿ ಹಾಕಿ ಸಂಜೆಯ ಬಸ್ಸಿಗೆ ವಾಪಸು. ಅದೂ ಹಳೆಯ ದಾಸ್ತಾನು ಖರ್ಚು ಮಾಡುವ ನೆಪದಲ್ಲಿ. ತೇವ ಹಿಡಿದ ಕಾಗದದ ಕಾಡತೂಸು ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಳ್ಳುವುದು ಅಲ್ಲಿಯೇ ಗೊತ್ತಾಗಿದ್ದು. ಬ್ಯಾಂಕಿನಲ್ಲಿ ಗೊತ್ತಾಗಿದ್ದರೆ ಏನು ಗತಿ ಎಂದು ಇವತ್ತಿಗೂ ನಗುತ್ತಾರೆ.

2005ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ತಂದಿತು. ಮರುವರ್ಷ ಜಾರಿಯಾಯಿತು, ಜೊತೆಗೆ ಮಾದರಿ ನಿಯಮಗಳೂ ಬಂದವು. ಕಾವಲುಗಾರನಿಗೆ 100 ಗಂಟೆ ತರಗತಿ, 60 ಗಂಟೆ ಮೈದಾನದ ಪಾಠ, ಕನಿಷ್ಠ 20 ಕೆಲಸದ ದಿನ. ಮಾಜಿ ಸೈನಿಕರಿಗೆ ಮತ್ತು ಮಾಜಿ ಪೊಲೀಸರಿಗೆ 40 ಮತ್ತು 16 ಗಂಟೆ, ಏಳು ದಿನ. ಬೆಂಕಿ ಆರಿಸುವುದು, ಗುಂಪು ನಿಭಾಯಿಸುವುದು, ಪ್ರಥಮ ಚಿಕಿತ್ಸೆ, ಗುರುತಿನ ಚೀಟಿ ಪರೀಕ್ಷಿಸುವುದು, ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಓದುವುದು ಎಲ್ಲ ಪಟ್ಟಿಯಲ್ಲಿವೆ. ಬಂದೂಕು ಬಳಸುವ ಪಾಠವೂ ಇದೆ. ಅದರ ಮುಂದೆ ಮಾತ್ರ ‘ಐಚ್ಛಿಕ’ ಎಂದು ಬರೆದಿದ್ದಾರೆ. ಬಹುಪಾಲು ಕಾವಲುಗಾರರ ಕೈಯಲ್ಲಿ ಬಡಿಗೆ ಬಿಟ್ಟರೆ ಬೇರೇನೂ ಇರುವುದಿಲ್ಲ, ನಿಜ. ಎಲ್ಲರಿಗೂ ಕಡ್ಡಾಯ ಮಾಡುವುದರಲ್ಲಿ ಅರ್ಥವಿಲ್ಲ. ಬಂದೂಕು ಹಿಡಿಯುವವನಿಗಾದರೂ ಐಚ್ಛಿಕ ಆಗಬಾರದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಗಾರ್ಡು ಬಂದೂಕು ಕಟ್ಟಿಕೊಳ್ಳಬೇಕಾದರೆ ಬೇರೆ 14 ಗಂಟೆಯ ತರಬೇತಿ, ಆಮೇಲೂ ವರ್ಷಕ್ಕೆ ಎರಡು ಸಲ ರೇಂಜಿನಲ್ಲಿ ಗುರಿ ತೋರಿಸಬೇಕು. 14 ಗಂಟೆ ದೊಡ್ಡದೇನಲ್ಲ. ಆ ಎರಡು ಸಲ ಎನ್ನುವುದು ದೊಡ್ಡದು.

ಕಾಕಾ 60ಕ್ಕೆ ಬ್ಯಾಂಕಿನಿಂದ ನಿವೃತ್ತರಾದದ್ದು 2018ರಲ್ಲಿ. ಖಾಸಗಿ ಏಜೆನ್ಸಿಯಲ್ಲಿ 65ರ ತನಕ ದುಡಿಯಲು ಕಾಯ್ದೆ ಬಿಡುತ್ತದೆ, ಹೋದರು. ಏಳು ದಿನದ ತರಬೇತಿಗೆ ಹಿಂದಿನ ಬೆಂಚಿನಲ್ಲಿ ಕೂತರು. ಬೆಂಕಿಯ ಪಾಠ, ಪ್ರಥಮ ಚಿಕಿತ್ಸೆಯ ಪಾಠ ಚೆನ್ನಾಗಿದ್ದವು ಎಂದು ಹೊಗಳುತ್ತಾರೆ. ಬಂದೂಕಿನ ಪಾಠದ ದಿನ ಬಂದೂಕೇ ಬಂದಿರಲಿಲ್ಲ. ‘ಮಾಮಾ, ನೀವೇ ನಾಕ ಮಾತು ಹೇಳ್ರಿ’ ಅಂದ ಸೂಪರ್‌ವೈಸರು. ಮೂಲೆಯಲ್ಲಿದ್ದ ಕಸಬರಿಗೆಯ ಕೋಲು ಹಿಡಿದು ಕಾಕಾ ‘ಜಾಂಚ್ ಶಸ್ತ್ರ’ ಮಾಡಿ ತೋರಿಸಿದರು. ಹುಡುಗರು ನಕ್ಕರು. ಆ ಹುಡುಗರಲ್ಲಿ ಇಬ್ಬರ ಮನೆಯಲ್ಲಿ ಲೈಸೆನ್ಸಿನ ಬಂದೂಕು ಇತ್ತು, ಕೆಲಸ ಸಿಕ್ಕಿದ್ದೇ ಆ ಕಾರಣಕ್ಕೆ. ‘ಸ್ವಂತ ಬಂದೂಕು, ಸ್ವಂತ ಲೈಸೆನ್ಸು ಇದ್ದವರು ಬೇಕು’ ಎಂಬ ಜಾಹೀರಾತುಗಳ ಕಾಲ ಅದು. ಪಲ್ಟನ್ನು ಪುಕ್ಕಟೆ ಕಲಿಸಿ ಕಳಿಸುತ್ತಿದ್ದ ಕೈಗಳ ಜಾಗಕ್ಕೆ ಲೈಸೆನ್ಸಿನ ಪುಸ್ತಕ ಬಂತು.

ಆ ಪುಸ್ತಕಕ್ಕೂ ಗಡಿಯುಂಟು. ಕರ್ನಾಟಕಕ್ಕಷ್ಟೇ ಬರೆದುಕೊಟ್ಟ ಲೈಸೆನ್ಸು ಹಿಡಿದು ಮಹಾರಾಷ್ಟ್ರದ ಮಿರಜಿಗೆ ಕೆಲಸಕ್ಕೆ ಹೋದರೆ ಅಪರಾಧ. ಸಂತೆ, ದವಾಖಾನೆ, ಬೀಗತನ ಎಲ್ಲಕ್ಕೂ ಮಿರಜು ಸಾಂಗಲಿಗೆ ಹೋಗುವ ಊರಿನವರಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಕಾಕಾನಿಗೆ ಸಾಕಾಗುತ್ತಿತ್ತು.

2016ರ ಆಯುಧ ನಿಯಮಗಳು ಬಂದ ಮೇಲೆ ಲೈಸೆನ್ಸು ಕೇಳುವವನು ಸುರಕ್ಷತಾ ತರಬೇತಿಯ ಪ್ರಮಾಣಪತ್ರ ತರಬೇಕಾಯಿತು: ಹಿಡಿಯುವುದು, ಒಯ್ಯುವುದು, ಹೊಡೆಯುವುದು, ಒರೆಸಿ ಬೀಗ ಹಾಕಿಡುವುದು. ಜಿಲ್ಲಾ ಪೊಲೀಸರ ನಾಗರಿಕ ಬಂದೂಕು ತರಬೇತಿ ಶಿಬಿರಗಳಿಗೆ ಗಿರಾಕಿ ಹೆಚ್ಚಿದರು. 2019ರ ತಿದ್ದುಪಡಿ ಒಬ್ಬರಿಗೆ ಮೂರು ಇದ್ದದ್ದನ್ನು ಎರಡೇ ಬಂದೂಕಿಗೆ ಇಳಿಸಿತು, ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವವರಿಗೆ ಎರಡು ವರ್ಷದವರೆಗೆ ಜೈಲು ಅಥವಾ ಲಕ್ಷದವರೆಗೆ ದಂಡವೆಂದಿತು.

ಏಜೆನ್ಸಿ ಕಾಕಾನನ್ನು ಎಟಿಎಂಗೆ ದುಡ್ಡು ಒಯ್ಯುವ ವ್ಯಾನಿಗೆ ಹಾಕಿತು. ಹಿಂದೆ ಬ್ಯಾಂಕಿನಲ್ಲಿದ್ದಾಗ ತಗಡಿನ ಟ್ರಂಕಿಗೆ ಸರಪಳಿ ಬಿಗಿದು ಜೀಪಿನಲ್ಲಿ ಹೊರಟರೆ ಆಯಿತು, ಮೇಲೆ ಬೇಕಾದರೆ ಗಾರ್ಡೇ ಕೂಡುತ್ತಿದ್ದ. 2018ರಲ್ಲಿ ಗೃಹ ಸಚಿವಾಲಯ ನಿಯಮ ಬರೆದು ಮರುವರ್ಷ ಫೆಬ್ರವರಿಯಿಂದ ಜಾರಿ ಮಾಡಿತು: ವ್ಯಾನಿಗೆ ಇಬ್ಬರು ಬಂದೂಕುಧಾರಿಗಳು, ಒಬ್ಬ ಡ್ರೈವರಿನ ಪಕ್ಕ, ಒಬ್ಬ ಹಿಂದೆ, ಒಂದು ಸುತ್ತಿಗೆ ಐದು ಕೋಟಿ ರೂಪಾಯಿಗಿಂತ ಹೆಚ್ಚು ಇಲ್ಲ, ಪಟ್ಟಣದಲ್ಲಿ ರಾತ್ರಿ 9, ಹಳ್ಳಿಯಲ್ಲಿ ಸಂಜೆ 6 ದಾಟಿದ ಮೇಲೆ ಎಟಿಎಂ ತುಂಬುವಂತಿಲ್ಲ.

ವ್ಯಾನಿನೊಳಗೆ ಕಾಕಾನಿಗೂ ಸೂಪರ್‌ವೈಸರಿಗೂ ದಿನಾ ಜಗಳ. ಅಥಣಿ ಸುತ್ತಿನ ರಸ್ತೆಯ ತೆಗ್ಗುಗಳಲ್ಲಿ ತುಂಬಿದ ಬಂದೂಕು ತೊಡೆಯ ಮೇಲಿಟ್ಟುಕೊಳ್ಳಲು ಅವರು ತಯಾರಿರಲಿಲ್ಲ. ಮುರಿದು, ಕಾಡತೂಸು ಬೆಲ್ಟಿನಲ್ಲಿಟ್ಟು, ವ್ಯಾನು ನಿಂತ ಮೇಲೆ, ಬಾಗಿಲು ತೆರೆಯುವ ಮುಂಚೆ ತುಂಬುತ್ತಿದ್ದರು. ‘ಕಳ್ಳ ಬಂದ್ರ ಅಷ್ಟೊತ್ತನಕಾ ನಿಂದರತಾನೇನ್ರಿ?’ ಎಂದು ಸೂಪರ್‌ವೈಸರು. ಪ್ರಶ್ನೆ ಪೊಳ್ಳಲ್ಲ. 2025ರ ಜನವರಿ 16ರಂದು ಬೀದರಿನ ಬ್ಯಾಂಕಿನ ಮುಂದೆ, ಎಟಿಎಂಗೆ ಒಯ್ಯುವ ದುಡ್ಡಿನ ಪೆಟ್ಟಿಗೆಗಾಗಿ ಬೈಕಿನಲ್ಲಿ ಬಂದ ಇಬ್ಬರು ಹಾಡಹಗಲೇ ಗುಂಡು ಹಾರಿಸಿ ಒಬ್ಬ ಸಿಬ್ಬಂದಿಯನ್ನು ಕೊಂದರು. 80 ಲಕ್ಷಕ್ಕೂ ಹೆಚ್ಚು ರೂಪಾಯಿ ಹೋಯಿತು. ಅಂಥ ಕಡೆ ಖಾಲಿ ಬಂದೂಕಿನವನು ಮಾಡುವುದೇನು? ಕಾಕಾನ ಉತ್ತರ ಒಂದೇ: ಎರಡು ಕಾಡತೂಸು ತುಂಬಿ ಮುಚ್ಚಲು ತನಗೆ ಮೂರು ಎಣಿಸುವಷ್ಟು ಹೊತ್ತು ಸಾಕು, ಯಾಕೆಂದರೆ ಸಾವಿರ ಸಲ ಮಾಡಿದ್ದೇನೆ. ಮಾಡದವನ ಕೈಯಲ್ಲಿ ತುಂಬಿದ ಬಂದೂಕು ಇದ್ದರೂ ಅವನು ಸೇಫ್ಟಿ ಹುಡುಕುತ್ತ ನಿಂತಿರುತ್ತಾನೆ. ಇಬ್ಬರ ವಾದವೂ ಅರ್ಧರ್ಧ ಸರಿ. ಆದರೆ ತುಂಬಿದ ಬಂದೂಕಿನ ಪರವಾಗಿ ಮಾತಾಡುವ ಯಾರೂ ಅಭ್ಯಾಸಕ್ಕೆ ಕಾಡತೂಸು ಕೊಡಿಸಿದ್ದನ್ನು ಕಾಕಾ ಕಾಣಲಿಲ್ಲ.

65 ತುಂಬಿ 2023ರಲ್ಲಿ ಅವರು ಮನೆಗೆ ಬಂದರು. ಅವರು ನಿಲ್ಲುತ್ತಿದ್ದ ಬ್ಯಾಂಕಿನ ಬಾಗಿಲಲ್ಲಿ ಈಗ ಕ್ಯಾಮೆರಾ ಇದೆ, ಬಂದೂಕಿಲ್ಲ. ಸ್ಟೂಲು ಅಲ್ಲೇ ಇದೆ, ಮುದುಕಿಯರು ಪಿಂಚಣಿಗೆ ಕಾಯುತ್ತ ಕೂಡುತ್ತಾರೆ.

2025ರ ಸೆಪ್ಟೆಂಬರ್ 16ರ ಸಂಜೆ ವಿಜಯಪುರ ಜಿಲ್ಲೆಯ ಚಡಚಣದ ಸ್ಟೇಟ್ ಬ್ಯಾಂಕಿಗೆ ಮುಸುಕುಧಾರಿಗಳು ನುಗ್ಗಿ, ಸಿಬ್ಬಂದಿಯನ್ನು ಕಟ್ಟಿಹಾಕಿ, ಕೋಟಿ ರೂಪಾಯಿಗೂ ಮೀರಿದ ನಗದು, ಸುಮಾರು 20 ಕೆಜಿ ಚಿನ್ನ ದೋಚಿದರು. ತೊಟ್ಟಿದ್ದು ಸೈನಿಕರ ಬಟ್ಟೆಯಂಥ ಬಟ್ಟೆ. ಸುದ್ದಿ ಕೇಳಿದ ಕಾಕಾ ಆ ರಾತ್ರಿ ಊಟ ಮಾಡಲಿಲ್ಲ ಎನ್ನುತ್ತಾರೆ ಮನೆಯವರು. 2005ರ ಕಾಯ್ದೆಯ ಪ್ರಕಾರ ಖಾಸಗಿ ಗಾರ್ಡು ಸೈನ್ಯದ ಸಮವಸ್ತ್ರವನ್ನು ಹೋಲುವ ಬಟ್ಟೆ ತೊಟ್ಟರೆ ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ. ಅದಕ್ಕೆ ಹೆದರಿ ಏಜೆನ್ಸಿ ಸೇರಿದ ದಿನವೇ ಅವರು ತಮ್ಮ ಹಸಿರು ಜರ್ಸಿಯನ್ನು ಟ್ರಂಕಿಗೆ ಹಾಕಿದ್ದರು.

ಓಣಿಯ ಹುಡುಗ ಮೊನ್ನೆ ಮತ್ತೆ ಬಂದಿದ್ದ. ಪೊಲೀಸ್ ಮೈದಾನದ ಶಿಬಿರ ಮುಗಿಸಿ, ಪ್ರಮಾಣಪತ್ರಕ್ಕೆ ಲ್ಯಾಮಿನೇಶನ್ನೂ ಮಾಡಿಸಿ ತಂದಿದ್ದ. ಕಾಕಾ ಅದನ್ನು ಓದದೆ ಚಹಾದ ಬಶಿಯ ಪಕ್ಕ ಇಟ್ಟರು. ಹುಡುಗ ಈ ಸಲ ಯಾರೂ ಹೇಳದೆಯೇ ಬಂದೂಕನ್ನು ಚೀಲದಿಂದ ತೆಗೆದ, ಬಾಯಿಯನ್ನು ಅಂಗಳದ ಮಣ್ಣಿನ ಕಡೆ ಹಿಡಿದು ಮುರಿದ, ಆಮೇಲೆ ಕಾಕಾನ ಕೈಗೆ ಕೊಟ್ಟ. ಅವರು ಬೆಳಕಿಗೆ ಎತ್ತಿ ಒಂದು ಕಣ್ಣು ಮುಚ್ಚಿದರು. ಬಲನಳಿಗೆಯಲ್ಲಿ ಅಂಗಳದ ಬೇವಿನ ಮರ ದುಂಡಗೆ ಕಂಡಿತು. ಎಡದ್ದರಲ್ಲಿ ಜೇಡ ಬಲೆ ಕಟ್ಟಿತ್ತು.

‘ಒರಸೂದನ್ನ ಕಲಸಲಿಲ್ಲೇನೋ ಅಲ್ಲೆ?’ ಎಂದು ಬೈಗುಳ ಶುರುವಾಯಿತು.